ಹೆಂಡ, ಸಾರಾಯಿ, ಸೀಮೆಮದ್ಯ: ನಮ್ಮ ಗಡಿನಾಡಿನ ಒಂದು ಚರಿತ್ರೆ

ನಮ್ಮ ಅಮರಾಪುರದ ಸುತ್ತಣ ಹಳ್ಳಗಳ ದಡದಲ್ಲಿಯೂ ಕೆರೆಗಳ ಹಿಂದಣ ತಗ್ಗುಗಳಲ್ಲಿಯೂ ಈಚಲ ಮರವನ್ನು ಕಾಣದ ವಿದ್ಯಾರ್ಥಿಯಿಲ್ಲ. ಅದರ ಗರಿಯಿಂದ ಚಾಪೆ ಹೆಣೆಯುತ್ತಾರೆ, ಪೊರಕೆ ಕಟ್ಟುತ್ತಾರೆ. ಅದರ ಹಣ್ಣನ್ನು ಮಕ್ಕಳು ಆರಿಸಿ ತಿನ್ನುತ್ತಾರೆ. ಅದೇ ಮರದ ರಸದಿಂದ ಹೆಂಡವೂ ಆಗುತ್ತದೆ. ಚಾಪೆಯ ವಿಷಯವನ್ನು ಪಾಠಶಾಲೆಯಲ್ಲಿ ಹೇಳಬಹುದು, ಹೆಂಡದ ಹೆಸರನ್ನೇ ಎತ್ತಬಾರದು ಎಂಬುದು ನಮ್ಮಲ್ಲಿ ಬೆಳೆದುಬಂದ ರೂಢಿ. ಅದರ ಹಿಂದಿರುವ ಸದುದ್ದೇಶವನ್ನು ನಾವು ಬಲ್ಲೆವು. ಆದರೆ ಉಪಾಧ್ಯಾಯರು ಹೇಳದೆ ಉಳಿಸಿದ್ದನ್ನು ಹುಡುಗರು ಅಂಗಡಿಯ ಮುಂದೆ ನಿಂತವರಿಂದ ಕಲಿಯುತ್ತಾರೆ. ಅಲ್ಲಿ ಕಲಿತದ್ದು ಅರ್ಧ ಸುಳ್ಳು, ಅರ್ಧ ಜಂಬ. ಆದಕಾರಣ ಮದ್ಯದ ಬಗೆಗಳಾವುವು, ಅವು ಹೇಗೆ ಆಗುತ್ತವೆ, ನಮ್ಮ ಸೀಮೆಯ ಚರಿತ್ರೆಯಲ್ಲಿ ಅವು ನಡೆದುಬಂದ ದಾರಿ ಯಾವುದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇವೆ.

ಮದ್ಯಕ್ಕೆ ನೂರು ಹೆಸರುಗಳಿದ್ದರೂ ಮೂಲದಲ್ಲಿ ಅದು ಎರಡೇ ಜಾತಿ. ಒಂದು ಹುಳಿತದ್ದು, ಇನ್ನೊಂದು ಭಟ್ಟಿ ಇಳಿಸಿದ್ದು. ಸಕ್ಕರೆಯ ಅಂಶವುಳ್ಳ ಯಾವ ರಸದಲ್ಲಿಯಾದರೂ ಹುದುಗು ಎಂಬ ಸೂಕ್ಷ್ಮಜೀವಿ ಸೇರಿದರೆ ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತದೆ. ಹೆಂಡದ ಗಡಿಗೆಯ ಮೇಲೆ ಏಳುವ ನೊರೆ ಆ ಅನಿಲದ್ದೇ. ಈ ಕಾರ್ಯ ಜೀವಿಯೊಂದರ ಕೆಲಸವೆಂಬುದನ್ನು 1857ರಿಂದೀಚೆಗೆ ಫ್ರಾನ್ಸಿನ ಲೂಯಿ ಪಾಶ್ಚರನು ಪ್ರಯೋಗಗಳಿಂದ ತೋರಿಸಿಕೊಟ್ಟನು. ಆದರೆ ಮದ್ಯಸಾರವು ನೂರಕ್ಕೆ ಸುಮಾರು ಹದಿನೈದು ಭಾಗವನ್ನು ಮುಟ್ಟುವ ಹೊತ್ತಿಗೆ ತಾನೇ ಮಾಡಿದ ವಿಷದಲ್ಲಿ ಹುದುಗು ಬಹುಮಟ್ಟಿಗೆ ಸಾಯುತ್ತದೆ. ಹುಳಿತ ಪಾನೀಯಕ್ಕೆ ಪ್ರಕೃತಿಯೇ ಹಾಕಿದ ಮಿತಿ ಇದು. ಆ ಮಿತಿಯನ್ನು ಮೀರಿದ್ದು ಭಟ್ಟಿ. ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ, ಮದ್ಯಸಾರವು 78 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಹುಳಿತ ರಸವನ್ನು ಕಾಯಿಸಿ ಮೊದಲು ಏಳುವ ಆವಿಯನ್ನು ತಣಿಸಿ ಹಿಡಿದರೆ ಮದ್ಯಸಾರ ಹೆಚ್ಚಾಗಿರುವ ದ್ರವ ದೊರೆಯುತ್ತದೆ. ಪಾತ್ರೆಯ ಮೈಮೇಲೆ ಹನಿಗೂಡುವ ಇದನ್ನು ಕಂಡು ಅರಬ್ಬರು ‘ಅರಕ್’, ಅಂದರೆ ಬೆವರು, ಎಂದು ಕರೆದರು.

ಹುಳಿತದ್ದರಲ್ಲಿ ನಮ್ಮವರು ಬಲ್ಲದ್ದು ಹೆಂಡ. ಇದನ್ನು ಸೇಂದಿ, ಕಳ್ಳು ಎಂದೂ ಕರೆಯುತ್ತಾರೆ. ಕರಾವಳಿಯಲ್ಲಿ ತೆಂಗು ಮತ್ತು ತಾಳೆಯ ಹೂಗೊನೆಯನ್ನು ಕೊಯ್ದು ರಸ ಇಳಿಸಿದರೆ, ನಮ್ಮ ಬಯಲುಸೀಮೆಯಲ್ಲಿ ಈಚಲ ಮರದ ನೆತ್ತಿಯ ಕೆಳಗೆ ಕಾಂಡವನ್ನೇ ಕೆತ್ತಿ ಗಡಿಗೆ ಕಟ್ಟುತ್ತಾರೆ. ಗಡಿಗೆಯ ಒಳಗೆ ಸುಣ್ಣ ಬಳಿದಿದ್ದರೆ ರಸ ಹುಳಿಯದೆ ಸಿಹಿಯಾಗಿ ಉಳಿಯುತ್ತದೆ, ಅದೇ ನೀರಾ. ಸುಣ್ಣವಿಲ್ಲದಿದ್ದರೆ ಬೆಳಗಿನ ಸಿಹಿ ಮಧ್ಯಾಹ್ನಕ್ಕೆ ಹೆಂಡ, ಮರುದಿನಕ್ಕೆ ಹುಳಿ. ಇದರಲ್ಲಿ ಮದ್ಯಸಾರ ನೂರಕ್ಕೆ ಐದು ಭಾಗದ ಆಸುಪಾಸು. ಬಾರ್ಲಿಯ ಮೊಳಕೆಯಿಂದಾಗುವ ಬಿಯರು, ದ್ರಾಕ್ಷಿಯಿಂದಾಗುವ ವೈನು ಇವೂ ಹುಳಿತ ಜಾತಿಯವೇ. ಭಟ್ಟಿಯ ಜಾತಿಗೆ ಸೇರಿದವು ಬೆಲ್ಲದ ಅಥವಾ ಕಾಕಂಬಿಯ ಸಾರಾಯಿ, ಧಾನ್ಯದ ವಿಸ್ಕಿ, ದ್ರಾಕ್ಷಾರಸದಿಂದ ಇಳಿಸಿದ ಬ್ರಾಂದಿ, ಕಬ್ಬಿನ ರಮ್ಮು ಮೊದಲಾದುವು. ನಮ್ಮ ದೇಶದ ಅಂಗಡಿಗಳಲ್ಲಿ ದೊರೆಯುವ ಇಂಥ ಶೀಸೆಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಮದ್ಯಸಾರವಿರುತ್ತದೆ. ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಿ ನೋಡಬಹುದು. ಒಂದು ಲೀಟರು ಹೆಂಡದಲ್ಲಿರುವ ಮದ್ಯಸಾರ 50 ಮಿಲಿಲೀಟರು. ಅಷ್ಟೇ ಮದ್ಯಸಾರ 120 ಮಿಲಿಲೀಟರು ವಿಸ್ಕಿಯಲ್ಲಿ ಅಡಗಿದೆ. ಗಡಿಗೆಯಲ್ಲಿದ್ದದ್ದು ಲೋಟದ ಅರ್ಧಕ್ಕೆ ಇಳಿಯಿತು.

ಬಗೆಗಳನ್ನು ಎಣಿಸುವ ಕೆಲಸ ಹೊಸದೇನೂ ಅಲ್ಲ. ಮನುಸ್ಮೃತಿಯು ಸುರೆಯನ್ನು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರಾಗಿ ವಿಂಗಡಿಸಿ ಮೂರನ್ನೂ ನಿಷೇಧಿಸುತ್ತದೆ. ಬೆಲ್ಲದ್ದು ಗೌಡೀ, ಹಿಟ್ಟಿನದು ಪೈಷ್ಟೀ. ವಿಚಿತ್ರವೇನೆಂದರೆ, ಭಾರತದಲ್ಲಿ ವಿಸ್ಕಿಯೆಂಬ ಹೆಸರಿನಲ್ಲಿ ಮಾರುವ ಎಷ್ಟೋ ದ್ರವಕ್ಕೆ ಆಧಾರ ಧಾನ್ಯವಲ್ಲ, ಸಕ್ಕರೆ ಕಾರ್ಖಾನೆಯ ಕಾಕಂಬಿ. ಚೀಟಿಯ ಮೇಲೆ ಏನೇ ಅಚ್ಚಾಗಿದ್ದರೂ ಮನುವಿನ ಲೆಕ್ಕದಲ್ಲಿ ಅದು ಗೌಡಿಯೇ! ಕೌಟಿಲ್ಯನ ಅರ್ಥಶಾಸ್ತ್ರವು ನಿಷೇಧದ ಗೋಜಿಗೆ ಹೋಗದೆ ಸುರಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸುತ್ತದೆ. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಗಳನ್ನು ಹೇಳಿ, ಅಕ್ಕಿಗೆ ನೀರು ಮತ್ತು ಕಿಣ್ವವನ್ನು ಎಷ್ಟೆಷ್ಟು ಸೇರಿಸಬೇಕೆಂಬ ಅಳತೆಯನ್ನೂ ಕೊಡುತ್ತದೆ. ಆ ‘ಕಿಣ್ವ’ವೆಂಬ ಶಬ್ದವೇ ಇಂದು ನಮ್ಮ ಕನ್ನಡ ವಿಜ್ಞಾನ ಪಠ್ಯಗಳಲ್ಲಿ ಮತ್ತೊಂದು ಅರ್ಥದಲ್ಲಿ ಬದುಕಿದೆ. ಹೀಗೆ ಪ್ರಾಚೀನ ಕಾಲದಿಂದಲೂ ಎರಡು ದನಿಗಳು ಕೇಳಿಬರುತ್ತವೆ: ಒಂದು ಬೇಡವೆನ್ನುವುದು, ಇನ್ನೊಂದು ಸುಂಕ ಕೊಡೆನ್ನುವುದು. ಮುಂದಿನ ಚರಿತ್ರೆಯೆಲ್ಲ ಈ ಎರಡು ದನಿಗಳ ಜಗಳವೆಂದರೂ ಸಲ್ಲುತ್ತದೆ.

ನಮ್ಮ ಸೀಮೆಯಲ್ಲಿ ಬೇಡವೆನ್ನುವ ದನಿಗೆ ಬೇರು ಆಳವಾಗಿದೆ. ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ನಮಗೆ ನೆರೆಯ ಊರು. ಅಮರಾಪುರದಲ್ಲಿಯೇ 13ನೆಯ ಶತಮಾನದ ಜೈನ ಶಾಸನವಿದೆ. ಮದ್ಯ, ಮಾಂಸ, ಮಧುಗಳ ತ್ಯಾಗವು ಜೈನ ಶ್ರಾವಕನ ಮೂಲಗುಣಗಳಲ್ಲಿ ಸೇರಿದ್ದು. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದನು. ಹೆಂಡ ಮಾರುವುದು ಆತನ ಕಾಯಕ, ‘ಧರ್ಮೇಶ್ವರಲಿಂಗ’ ಆತನ ಅಂಕಿತ. ತನ್ನ ಕಸುಬಿನ ಮಾತುಗಳನ್ನೇ ತತ್ತ್ವದ ಕಡೆಗೆ ತಿರುಗಿಸಿದ ಆತನನ್ನು ಶರಣರ ಬಳಗವು ಹೊರಗಿಡಲಿಲ್ಲ. ಮದ್ಯವನ್ನು ನಿಂದಿಸುವಾಗ ಅದನ್ನು ಇಳಿಸಿ ಮಾರಿ ಬದುಕುವ ಬಡವನನ್ನು ನಿಂದಿಸಬಾರದೆಂಬ ಪಾಠವನ್ನು ನಾವು ಅಲ್ಲಿಂದ ಕಲಿಯಬಹುದು. ಆಧುನಿಕ ಕಾಲದಲ್ಲಿ ಜಿ. ಪಿ. ರಾಜರತ್ನಂ ಅವರು ತಾವು ಕುಡಿಯದವರಾಗಿದ್ದೂ ಎಂಡ್ಕುಡ್ಕ ರತ್ನನನ್ನು ಕನ್ನಡಿಗರ ಪ್ರೀತಿಗೆ ಪಾತ್ರನಾಗಿಸಿದುದು ಇದೇ ಕರುಣೆಯಿಂದ.

ಸುಂಕದ ದನಿ ಬಲವಾದದ್ದು ಕಂಪನಿ ಸರ್ಕಾರದ ಕಾಲದಲ್ಲಿ. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತಮಂಡಲಗಳ ಮೂಲಕ ನಮ್ಮ ಪ್ರಾಂತವು ಮದ್ರಾಸಿನ ಆಡಳಿತಕ್ಕೆ ಸೇರಿತು. ಅದಕ್ಕೆ ಮುಂಚೆ ಟಿಪ್ಪು ಸುಲ್ತಾನನು ತನ್ನ ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಿದ್ದನು. ಹೊಸ ಸರ್ಕಾರ ಅದನ್ನು ಗುತ್ತಿಗೆಗೆ ಕೊಟ್ಟಿತು. 1886ರ ಮದ್ರಾಸ್ ಅಬ್ಕಾರಿ ಕಾನೂನಿನ ಕಾಲಕ್ಕೆ ಈ ಏರ್ಪಾಡು ಬಿಗಿಯಾಯಿತು. ಹೆಂಡ ಇಳಿಸುವ ಮರಕ್ಕೆ ಗುರುತು, ಮರಕ್ಕಿಷ್ಟೆಂದು ತೆರಿಗೆ, ಅಂಗಡಿಗೆ ಹರಾಜು ಬಂದುವು. ಬೆಲ್ಲಕ್ಕೆ ಬಿಳಿಜಾಲಿಯ ತೊಗಟೆ ಸೇರಿಸಿ ಹಳ್ಳಿಯಲ್ಲಿ ಇಳಿಸುತ್ತಿದ್ದ ಸಾರಾಯಿಯು ಅಪರಾಧವಾಗಿ, ದೊಡ್ಡ ಭಟ್ಟಿಮನೆಯ ಸಾರಾಯಿಯು ನ್ಯಾಯವಾಯಿತು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಹೆಂಡ ಒಂದು ದಿನಕ್ಕೆ ಕೆಡುವ ವಸ್ತು. ಆದುದರಿಂದ ಅದನ್ನು ಇಳಿಸಿದವನು, ಮಾರಿದವನು, ಕುಡಿದವನು ಮೂವರೂ ಒಂದೇ ಊರಿನವರಾಗಿರಬೇಕಾಗಿತ್ತು. ಹಣವೂ ಬಹುಮಟ್ಟಿಗೆ ಆ ಊರಿನಲ್ಲೇ ಸುತ್ತುತ್ತಿತ್ತು. ಸಾರಾಯಿ ಕೆಡುವುದಿಲ್ಲ. ಅದನ್ನು ದೂರದಲ್ಲಿ ಮಾಡಿ, ಅಳೆದು, ಮುದ್ರೆಯೊತ್ತಿ, ಗಾಡಿಯಲ್ಲಿ ತರಬಹುದು. ಖಜಾನೆಗೆ ಬೇಕಾದದ್ದು ಇಂಥ ವಸ್ತುವೇ. ಹೀಗೆ ಪಾನೀಯವು ಬಲವಾದಷ್ಟೂ ಅದರ ಲಾಭ ಹಳ್ಳಿಯಿಂದ ದೂರವಾಯಿತು. ಸಂಜೆ ಕೂಲಿಯ ಹಣ ಮನೆ ಸೇರುವ ಮುನ್ನವೇ ಊರನ್ನು ಬಿಟ್ಟು ಹೋಗತೊಡಗಿತು. ಮದ್ಯದ ಬಗೆಗಳನ್ನು ತಿಳಿಯಬೇಕಾದುದು ರುಚಿಗಾಗಿ ಅಲ್ಲ, ಈ ವ್ಯತ್ಯಾಸವನ್ನು ಅರಿಯುವುದಕ್ಕಾಗಿ ಎಂಬುದು ನಮ್ಮ ಅಭಿಪ್ರಾಯ.

ಸ್ವಾತಂತ್ರ್ಯದ ಹೋರಾಟವು ಈ ಗಂಟಿನ ಮೇಲೆಯೇ ಕೈಯಿಟ್ಟಿತು. ಗಾಂಧೀಜಿಯವರ ಕರೆಯಂತೆ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆಯಿತು. ನಮ್ಮ ವಾಯವ್ಯಕ್ಕಿರುವ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ 1939ರಲ್ಲಿ ಜನರು ಕೊಡಲಿ ಹಿಡಿದು ಈಚಲ ಮರಗಳನ್ನು ಕಡಿದು ಸತ್ಯಾಗ್ರಹ ಹೂಡಿದರು. ಅದರ ಮುಂದಾಳುಗಳಾಗಿದ್ದ ಎಸ್. ನಿಜಲಿಂಗಪ್ಪನವರು ಸೆರೆಮನೆ ಸೇರಿದರು. ಮದ್ರಾಸಿನಲ್ಲಿ ರಾಜಾಜಿಯವರ ಮಂತ್ರಿಮಂಡಲವು 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಆರಂಭಿಸಿತು. ಅಬ್ಕಾರಿ ಹಣ ನಿಂತರೆ ಸರ್ಕಾರ ನಡೆಯುವುದೆಂತು ಎಂಬ ಪ್ರಶ್ನೆಗೆ ಉತ್ತರವಾಗಿ 1939ರಲ್ಲಿ ಅವರು ಮಾರಾಟ ತೆರಿಗೆಯ ಕಾನೂನನ್ನು ತಂದರು. ಬಳಿಕ ದೇಶದಲ್ಲೆಲ್ಲ ಹಬ್ಬಿದ ಆ ತೆರಿಗೆ ಹುಟ್ಟಿದ್ದು ಹೆಂಡದ ಸುಂಕ ಬಿಟ್ಟುಹೋದ ತೂತನ್ನು ಮುಚ್ಚಲು. ಯುದ್ಧಕಾಲದಲ್ಲಿ ನಿಂತುಹೋಗಿದ್ದ ಪಾನನಿರೋಧವು 1946ರಿಂದ ಹಂತಹಂತವಾಗಿ ಮರಳಿ, 1948ರ ಅಕ್ಟೋಬರ್ 2ರ ಹೊತ್ತಿಗೆ ಮದ್ರಾಸ್ ಪ್ರಾಂತವನ್ನೆಲ್ಲ ವ್ಯಾಪಿಸಿತು. ಆಗ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರವೂ, ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗವೂ ಅದಕ್ಕೆ ಒಳಪಟ್ಟುವು.

1953ರಲ್ಲಿ ಆಂಧ್ರರಾಜ್ಯ ಹುಟ್ಟಿ ರಾಯದುರ್ಗವೂ ಅನಂತಪುರ ಜಿಲ್ಲೆಗೆ ಬಂದಿತು. ಮರುವರ್ಷವೇ ಪಾನನಿರೋಧದ ಪ್ರಶ್ನೆಯ ಮೇಲೆ ಟಿ. ಪ್ರಕಾಶಂ ಅವರ ಮಂತ್ರಿಮಂಡಲವು ಒಂದೇ ಓಟಿನಿಂದ ಉರುಳಿತು. 1956ರಲ್ಲಿ ತೆಲಂಗಾಣ ಸೇರಿದಾಗ ಒಂದೇ ರಾಜ್ಯದಲ್ಲಿ ಎರಡು ಧರ್ಮಗಳಾದುವು: ಇಲ್ಲಿ ಪಾನನಿರೋಧ, ಅಲ್ಲಿ ತೆರೆದ ಅಂಗಡಿ. ಮೈಸೂರು ರಾಜ್ಯವು 1967ರಲ್ಲಿ ನಿರೋಧವನ್ನು ಕೈಬಿಟ್ಟಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ತುರುವನೂರಿನ ಅದೇ ನಿಜಲಿಂಗಪ್ಪನವರು. 1969ರಲ್ಲಿ ಆಂಧ್ರಪ್ರದೇಶವೂ ಅದೇ ದಾರಿ ಹಿಡಿಯಿತು. ಇದನ್ನು ವ್ಯಕ್ತಿಯೊಬ್ಬರ ದೋಷವೆಂದು ಎಣಿಸುವುದು ನ್ಯಾಯವಲ್ಲ. ಕೊಡಲಿ ಹಿಡಿದ ಕೈಗೆ ಖಜಾನೆಯ ಬೀಗದ ಕೈ ಬಂದಾಗ ಭಾರ ಬೇರೆಯಾಗುತ್ತದೆ.

1980ರ ದಶಕದಲ್ಲಿ ಎನ್. ಟಿ. ರಾಮರಾವ್ ಅವರ ಸರ್ಕಾರವು ‘ವಾರುಣಿ ವಾಹಿನಿ’ ಎಂಬ ಹೆಸರಿನಲ್ಲಿ ಸಾರಾಯಿಯನ್ನು ಪೊಟ್ಟಣ ಕಟ್ಟಿ ಹಳ್ಳಿ ಹಳ್ಳಿಗೆ ಮುಟ್ಟಿಸಿತು. ಅದಕ್ಕೆ ಉತ್ತರ ಬಂದದ್ದು ಪಾಠಶಾಲೆಯಿಂದ ಎಂಬುದನ್ನು ಉಪಾಧ್ಯಾಯರು ಗಮನಿಸಬೇಕು. ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ವಯಸ್ಕರ ಶಿಕ್ಷಣದ ರಾತ್ರಿ ತರಗತಿಯಲ್ಲಿ ಅಕ್ಷರ ಕಲಿತ ಹೆಂಗಸರು ತಮ್ಮ ವಾಚಕದಲ್ಲಿ ಕುಡುಕನ ಹೆಂಡತಿಯೊಬ್ಬಳ ಕಥೆಯನ್ನು ಓದಿದರು. ಅದು ಅವರಿಗೆ ತಮ್ಮ ಕಥೆಯೇ ಆಗಿ ಕಂಡಿತು. ವರ್ಧಿನೇನಿ ರೋಸಮ್ಮ ಮೊದಲಾದವರು ಮುಂದೆ ನಿಂತು ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. 1992ರಲ್ಲಿ ಆ ಕಿಚ್ಚು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು, ಹರಾಜುಗಳು ನಿಂತುವು, 1993ರ ಅಕ್ಟೋಬರಿನಲ್ಲಿ ಸರ್ಕಾರವು ಸಾರಾಯಿಯನ್ನು ನಿಷೇಧಿಸಿತು. 1995ರ ಜನವರಿಯಲ್ಲಿ ಪೂರ್ಣ ಪಾನನಿರೋಧವನ್ನು ಜಾರಿಗೆ ತಂದವರು ಪೊಟ್ಟಣ ಹಂಚಿದ್ದ ಅದೇ ರಾಮರಾವ್ ಅವರು. 1997ರಲ್ಲಿ ಅದೂ ಹಿಂದೆ ಹೋಯಿತು, ಸಾರಾಯಿಯ ನಿಷೇಧ ಮಾತ್ರ ಉಳಿಯಿತು.

ನಮ್ಮ ಮಡಕಶಿರ ಸೀಮೆಯು ಕರ್ನಾಟಕದ ನೆಲದೊಳಕ್ಕೆ ಚಾಚಿಕೊಂಡ ನಾಲಗೆಯಂತಿದೆ. ಒಂದು ರಾಜ್ಯ ಬಾಗಿಲು ಮುಚ್ಚಿದಾಗ ಇನ್ನೊಂದರ ಬಾಗಿಲು ಒಂದು ಹರದಾರಿಯಲ್ಲಿ ತೆರೆದಿರುತ್ತದೆ. 1995ರಲ್ಲಿಯೂ, 2019ರ ಬಳಿಕ ಆಂಧ್ರದಲ್ಲಿ ಬೆಲೆ ಏರಿದಾಗಲೂ ಗಡಿಯಾಚೆಯ ಅಂಗಡಿಗೆ ಬರಗಾಲವಿರಲಿಲ್ಲ. ಬಾಗಿಲು ಮುಚ್ಚಿದರೆ ಸಾಲದು ಎಂಬುದನ್ನು ಕರ್ನಾಟಕವೂ ಕಂಡಿದೆ. 2007ರ ಜುಲೈ 1ರಿಂದ ಅಲ್ಲಿ ಸಾರಾಯಿ ನಿಂತಿತು. 2008ರ ಮೇ ತಿಂಗಳಿನಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಇಂಥ ಸಾವುಗಳಿಗೆ ಕಾರಣ ಮೆಥನಾಲ್ ಎಂಬ ಬೇರೊಂದು ಸಾರ. ಕಣ್ಣಿಗೂ ನಾಲಗೆಗೂ ಅದು ಬೇರೆಯೆಂದು ತೋರದು; ದೃಷ್ಟಿಯನ್ನು ಕಳೆದು, ಅಲ್ಪ ಪ್ರಮಾಣದಲ್ಲಿಯೇ ಪ್ರಾಣವನ್ನು ತೆಗೆಯುತ್ತದೆ.

ಹಾಗೆಂದು ಮುದ್ರೆಯೊತ್ತಿದ ಶೀಸೆ ನಿರಪಾಯವೆಂದು ಯಾರೂ ತಿಳಿಯಬಾರದು. ಮದ್ಯಸಾರವು ಅರ್ಬುದ ರೋಗಕ್ಕೆ ಕಾರಣವೆಂದು ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆಯು 1988ರಲ್ಲಿಯೇ ನಿರ್ಣಯಿಸಿತು. ಇಷ್ಟು ಕುಡಿದರೆ ಕ್ಷೇಮವೆನ್ನುವ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿತು. ಹೆಂಡವೆಂದರೆ ಹಗುರ, ವೈನೆಂದರೆ ಔಷಧ, ಬೆಲೆ ಹೆಚ್ಚಾದದ್ದು ಶುದ್ಧ ಎಂಬ ಮಾತುಗಳೆಲ್ಲ ಅಂಗಡಿಯ ಮುಂದಿನ ವಿದ್ಯೆ. ಬಗೆ ಯಾವುದಾದರೂ ದೇಹ ಎಣಿಸುವುದು ಒಳಗಿರುವ ಮದ್ಯಸಾರವನ್ನೇ.

ಮೇಲಿನ ಚರಿತ್ರೆಯಲ್ಲಿ ಕಾನೂನು ಬಂದದ್ದೂ ಹೋದದ್ದೂ ಹಲವು ಸಲ. ಖಜಾನೆಯ ಅಗತ್ಯ ಬದಲಾದಂತೆಲ್ಲ ಅದು ಬದಲಾಯಿತು. ದೂಬಗುಂಟದ ಹೆಂಗಸರು ಓದಿದ ಪಾಠವನ್ನು ಮಾತ್ರ ಯಾವ ಸರ್ಕಾರವೂ ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಅವರಿಗೆ ಅದು ತಾಯ್ನುಡಿಯಲ್ಲಿ ದೊರೆತ ಪಾಠವೆಂಬುದನ್ನೂ ನಾವು ಮರೆಯಲಾಗದು. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ನಮ್ಮ ಮಕ್ಕಳಿಗೆ ಅಂಥ ಪಾಠವನ್ನು ಅವರದೇ ನುಡಿಯಲ್ಲಿ, ಅಂಜದೆ, ಉತ್ಪ್ರೇಕ್ಷಿಸದೆ ಹೇಳುವ ಹೊಣೆ ಉಪಾಧ್ಯಾಯರದು. ಹಳ್ಳದ ದಡದ ಈಚಲ ಮರ ಯಾವ ತಪ್ಪನ್ನೂ ಮಾಡಿಲ್ಲ. ಅದರಿಂದ ಚಾಪೆಯೂ ಆದೀತು, ನೀರಾವೂ ಆದೀತು, ಹೆಂಡವೂ ಆದೀತು. ಯಾವುದಾಗಬೇಕೆಂಬುದನ್ನು ತಿಳಿದು ಆರಿಸುವ ವಿವೇಕವನ್ನು ನಮ್ಮ ವಿದ್ಯಾರ್ಥಿಗಳು ಗಳಿಸಲೆಂದು ಹಾರೈಸುತ್ತೇವೆ.