ಹಿಂಬದಿ ಗಾಳಿ ಸಸ್ಪೆನ್ಷನ್: ಹಳೆಯ ಪಿಕಪ್‌ಗಳಲ್ಲಿ ಸರಳ ನಿಯಂತ್ರಣ

ಹಿಂದಿನ ಆಕ್ಸಲ್ ಮತ್ತು ಚಾಸಿಯ ನಡುವೆ ರಬ್ಬರ್ ಗಾಳಿಚೀಲ ಕೂರಿಸಿ, ಹೊರೆಗೆ ತಕ್ಕಂತೆ ಒತ್ತಡ ಹೊಂದಿಸುವ ವ್ಯವಸ್ಥೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಬೆಲ್ಲ, ತೆಂಗು, ತರಕಾರಿ ಹೊರುವ ಪಿಕಪ್‌ಗಳು ಸಾಮಾನ್ಯವಾಗಿ ಲೀಫ್ ಸ್ಪ್ರಿಂಗ್ ಪಟ್ಟಿಗಳ ಮೇಲೆ ನಿಂತಿವೆ. ಹೊರೆಗೆಂದು ಪಟ್ಟಿ ಸೇರಿಸಿದರೆ ಖಾಲಿ ಗಾಡಿ ವಿಪರೀತ ಕುಲುಕುತ್ತದೆ. ಚೀಲದ ಗಾಳಿಯನ್ನಾದರೆ ಇಳಿಸಬಹುದು.

ಅತಿ ಸರಳ ವಿಧಾನವೆಂದರೆ ಪ್ರತಿ ಚೀಲದ ಕೊಳವೆಯ ತುದಿಗೆ ಟೈರಿನ ವಾಲ್ವ್ ಹಾಕುವುದು. ಪಂಕ್ಚರ್ ಅಂಗಡಿಯಲ್ಲೇ ಗಾಳಿ ತುಂಬಬಹುದು, ಕೆಡುವಂಥದ್ದು ಕಡಿಮೆ; ಹಳ್ಳಿಯ ಗಾಡಿಗೆ ಇದೇ ಮೇಲು. ಎಡಬಲಕ್ಕೆ ಬೇರೆ ಬೇರೆ ಕೊಳವೆಯೇ ಇರಬೇಕು. ಒಂದೇ ಆದರೆ ಮೇಲುಕೋಟೆ ಬೆಟ್ಟದಂಥ ತಿರುವುಗಳಲ್ಲಿ ಗಾಳಿ ಒಂದು ಚೀಲದಿಂದ ಇನ್ನೊಂದಕ್ಕೆ ನುಗ್ಗಿ ಗಾಡಿ ಇನ್ನಷ್ಟು ವಾಲುತ್ತದೆ. ಚಾಲಕ ಕೂತಲ್ಲಿಂದಲೇ ಹೊಂದಿಸಲು 12 ವೋಲ್ಟ್ ಕಂಪ್ರೆಸರ್, ಕೈವಾಲ್ವ್, ಒತ್ತಡದ ಮೀಟರ್ ಸಾಕು. ರಿಲೇ, ಫ್ಯೂಸ್ ಬಿಡಬಾರದು. ಐರಾವತ ವೋಲ್ವೊ ಬಸ್ಸುಗಳಲ್ಲಿರುವಂತೆ ತಾನಾಗಿ ಎತ್ತರ ಕಾಯುವ ಲೆವೆಲಿಂಗ್ ವಾಲ್ವ್ ದುಬಾರಿ.

ಹೆಚ್ಚಿನವರು ಮರೆಯುವುದು ಬ್ರೇಕನ್ನು. ಕೆಲವು ಪಿಕಪ್‌ಗಳಲ್ಲಿ ಹಿಂಬದಿ ಎಷ್ಟು ತಗ್ಗಿದೆ ಎಂಬುದನ್ನು ಅಳೆದು ಹಿಂಚಕ್ರಗಳ ಬ್ರೇಕ್ ಒತ್ತಡ ನಿರ್ಧರಿಸುವ ವಾಲ್ವ್ ಇರುತ್ತದೆ. ಗಾಳಿಚೀಲ ಹಿಂಬದಿಯನ್ನು ಎತ್ತಿ ಹಿಡಿದರೆ ತುಂಬಿದ ಗಾಡಿಯೂ ಅದಕ್ಕೆ ಖಾಲಿಯಂತೆ ತೋರಿ, ಹಿಂಬ್ರೇಕ್ ದುರ್ಬಲವಾಗುತ್ತದೆ. ಆ ವಾಲ್ವನ್ನು ಮರುಹೊಂದಿಸದೆ ರಸ್ತೆಗಿಳಿಯಬಾರದು. ಚೀಲ ಹಾಕಿದ ಮಾತ್ರಕ್ಕೆ ನೋಂದಣಿಯಲ್ಲಿರುವ ಹೊರೆಯ ಮಿತಿ ಏರುವುದಿಲ್ಲ.