ಗೋಡೆಗೆ ತೂಗುವ ಕುಕ್ರಿ, ಸೊಂಟಕ್ಕೆ ಸಿಕ್ಕಿಸುವ ಕುಕ್ರಿ

ಪಶುಪತಿನಾಥನ ದರ್ಶನಕ್ಕೆ ಹೋದವರು ರುದ್ರಾಕ್ಷಿ ತರ್ತಾರೆ. ನಾನು ಜೊತೆಗೆ ಒಂದು ಕುಕ್ರಿಯನ್ನೂ ತಂದೆ. ಹಿತ್ತಾಳೆಯ ಸಿಂಹದ ತಲೆ ಹಿಡಿ, ಮುಖ ಕಾಣುವಷ್ಟು ಹೊಳೆಯುವ ಅಲಗು. ಕಠ್ಮಂಡುವಿನ ಅಂಗಡಿಯವನು ಹೊಗಳಿದ್ದೇ ಹೊಗಳಿದ್ದು, ನಾನು ನಂಬಿದ್ದೇ ನಂಬಿದ್ದು.

ಊರಿಗೆ ಬಂದ ಮೇಲೆ ಮಗನ ಜೊತೆ ತೋಟದ ಮೇಲಿನ ಗುಡ್ಡದಲ್ಲಿ ಡೇರೆ ಹಾಕಿ ಒಂದು ರಾತ್ರಿ ಉಳಿದ್ವಿ. ಅನ್ನ ಬೇಯಿಸೋಕೆ ಒಣಗಿದ ಮತ್ತಿ ಕೊಂಬೆ ಕಡಿತಾ ಇದ್ದೆ. ಐದನೇ ಏಟಿಗೆ ಅಲಗು ಹಿಡಿ ಬಿಟ್ಟು ಹಾರಿತು. ಮಗನ ಕಾಲಿಂದ ಒಂದು ಮೊಳ ಆಚೆ ನೆಲಕ್ಕೆ ಚುಚ್ಚಿ ನಿಂತಿತು. ಅವನು ನಕ್ಕ. ನನಗೆ ಅವತ್ತು ಊಟ ಸೇರಲಿಲ್ಲ.

ಪಕ್ಕದ ತೋಟದಲ್ಲಿ ಪೂರ್ವ ನೇಪಾಳದ ಭೋಜಪುರದಿಂದ ಬಂದ ಕೆಲಸದವನೊಬ್ಬ ಇದ್ದಾನೆ. ಮುರಿದದ್ದನ್ನ ತೋರಿಸಿದೆ. ತಿರುಗಿಸಿ ನೋಡಿ, "ಅಣ್ಣಾ, ಇದು ಗೋಡೆಗೆ, ಕೆಲಸಕ್ಕೆ ಅಲ್ಲ" ಅಂದ. ಹಿಡಿಯೊಳಗೆ ಹೋಗಬೇಕಾದ ಕಬ್ಬಿಣದ ಬಾಲ ಹೆಬ್ಬೆರಳಿನಷ್ಟೂ ಇರಲಿಲ್ಲ, ಅರಗಿನಲ್ಲಿ ಅಂಟಿಸಿದ್ರು ಅಷ್ಟೆ.

ಗೋಡೆಯ ಕುಕ್ರಿ ಹೇಗೆ ಹುಟ್ಟಿತು ಅಂತ ಆಮೇಲೆ ಹುಡುಕುತ್ತಾ ಹೋದೆ. 1793ರಲ್ಲಿ ನೇಪಾಳಕ್ಕೆ ಹೋದ ಕರ್ಕ್‌ಪ್ಯಾಟ್ರಿಕ್ ಅನ್ನೋ ಇಂಗ್ಲಿಷ್ ಅಧಿಕಾರಿ 1811ರಲ್ಲಿ ಅಚ್ಚಾದ ಪುಸ್ತಕದಲ್ಲಿ ಇದರ ವಿಷಯ ಬರೆದಿದ್ದಾನೆ. ಮೂರೇ ವರ್ಷಕ್ಕೆ ಯುದ್ಧ. 1814ರ ಅಕ್ಟೋಬರಿನಲ್ಲಿ ಡೆಹ್ರಾಡೂನ್ ಹತ್ತಿರದ ನಾಲಾಪಾನಿ ಕೋಟೆಯನ್ನ ಬಲಭದ್ರ ಕುಂವರನ ಸಣ್ಣ ಪಡೆ ಹಿಡಿದುಕೊಂಡಿತ್ತು. ಮುತ್ತಿಗೆ ಹಾಕಿದ ಕಂಪನಿ ಸೇನೆಯ ಜನರಲ್ ಗಿಲ್ಲೆಸ್ಪಿ ಅಲ್ಲೇ ಸತ್ತ. ನೀರು ಕಟ್ ಮಾಡಿದ ಮೇಲಷ್ಟೇ ಕೋಟೆ ಬಿದ್ದಿದ್ದು. ಎದುರಾಳಿಯ ಎದೆಗಾರಿಕೆ ಕಂಡ ಕಂಪನಿ 1815ರಿಂದಲೇ ಗೂರ್ಖಾಗಳನ್ನ ತನ್ನ ಸೈನ್ಯಕ್ಕೆ ಸೇರಿಸಿಕೊಳ್ಳೋಕೆ ಶುರು ಮಾಡಿತು. ಅಲ್ಲಿಂದ ಕುಕ್ರಿ ಅಂದ್ರೆ ಜಗತ್ತಿಗೆಲ್ಲ ಯುದ್ಧದ ಆಯುಧ. ಒರೆಯಿಂದ ತೆಗೆದರೆ ರಕ್ತ ಕಾಣಿಸದೆ ಒಳಗಿಡಬಾರದು ಅನ್ನೋ ಕಥೆಯೂ ಸೇರಿಕೊಂಡಿತು. ಅದು ಬರೀ ಬೊಗಳೆ. ಹಾಗಿದ್ದಿದ್ರೆ ಅಲ್ಲಿನ ರೈತ ದಿನಕ್ಕೆ ಎಷ್ಟು ಸಲ ಬೆರಳು ಕೊಯ್ದುಕೊಳ್ಳಬೇಕಿತ್ತು!

ಮನೆಯಲ್ಲಿ ಅದು ಸೌದೆ ಸಿಗಿಯುವ, ಬಿದಿರು ಸೀಳುವ, ಮಾಂಸ ತುಂಡರಿಸುವ ಕತ್ತಿ. ಅದರ ಒಡಹುಟ್ಟಿದವರನ್ನ ನೋಡಿದ್ರೆ ನಮಗೇ ಗುರುತು ಸಿಗುತ್ತೆ. ಹಸಿಯಾ ಅಂದ್ರೆ ನಮ್ಮ ಕುಡುಗೋಲು. ಖುರ್ಪಾ ನಾವು ಸೊಂಟಕ್ಕೆ ಸಿಕ್ಕಿಸುವ ಕತ್ತಿಯ ತರ. ಚುಲೇಸಿ ಅಂದ್ರೆ ಕಾಲಲ್ಲಿ ಮೆಟ್ಟಿ ತರಕಾರಿ ಹೆಚ್ಚುವ ನಮ್ಮ ಮೆಟ್ಟುಗತ್ತಿಯೇ.

ಇದನ್ನ ಹೊಡೆಯುವವರು ಕಾಮಿಗಳು, ವಿಶ್ವಕರ್ಮ ಅಂತಲೂ ಕರೆದುಕೊಳ್ತಾರೆ. ಲಾರಿಯ ಸ್ಪ್ರಿಂಗ್ ಪ್ಲೇಟು ಕಾಯಿಸಿ ಬಡಿದು ರೂಪ ಕೊಟ್ಟು, ಕಡೆಗೆ ಕೆಂಪಗೆ ಕಾದ ಅಲಗಿನ ಬಾಯಿಗೆ ಮಾತ್ರ ಕೆಟಲಿನಿಂದ ನೀರು ಸುರೀತಾರೆ. ಬಾಯಿ ಗಟ್ಟಿ, ಬೆನ್ನು ಮೆತ್ತಗೆ. ಏಟು ಬಿದ್ದಾಗ ಬೆನ್ನು ತಾಳಿಕೊಳ್ಳುತ್ತೆ, ಅಲಗು ತುಂಡಾಗಲ್ಲ. ಇಷ್ಟು ವಿದ್ಯೆ ಇದ್ದವರನ್ನ 1854ರ ಮುಲುಕಿ ಐನ್ ಕಾನೂನು ಅಸ್ಪೃಶ್ಯರ ಸಾಲಿಗೆ ಹಾಕಿತ್ತು. 1963ರವರೆಗೆ ಅದು ಕಾಗದದಲ್ಲೇ ಇತ್ತು, ಆಚರಣೆಯಲ್ಲಿ ಅದಕ್ಕಿಂತ ಎಷ್ಟೋ ಮುಂದಕ್ಕೂ. ಅವನು ಹೊಡೆದ ಕುಕ್ರಿ ದಸೈಂ ಹಬ್ಬದಲ್ಲಿ ಪೂಜೆಗೆ ಒಳಗೆ ಹೋಗ್ತಿತ್ತು, ಹೊಡೆದವನು ಅಂಗಳದಲ್ಲೇ. ಕೂಲಿ ಅಂದ್ರೆ ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಅಳೆದು ಕೊಡುವ ಧಾನ್ಯ, ಬಾಲಿ ಅಂತ ಹೆಸರು. ನಮ್ಮ ಕಣದಲ್ಲಿ ಕೊಡ್ತಿದ್ದ ಆಯ ನೆನಪಾಗ್ಲಿಲ್ವ? ಗೂರ್ಖಾ ಯೋಧನ ಬಗ್ಗೆ ಕಪಾಟು ತುಂಬ ಪುಸ್ತಕ ಇವೆ. ಕಮ್ಮಾರನ ಬಗ್ಗೆ ನನಗೆ ಸಿಕ್ಕಿದ್ದು ಕೆಲವೇ ಪುಟ. ಇದು ನನಗೆ ಸರಿ ಕಾಣಲ್ಲ.

ಈಗ ಕಾಡಲ್ಲಿ ಡೇರೆ ಹಾಕೋರು ಯಾವುದು ತಗೋಬೇಕು ಅನ್ನೋ ಪ್ರಶ್ನೆ. ಕುಕ್ರಿಯ ಜೀವ ಇರೋದೇ ಮುಂದಿನ ಭಾರದಲ್ಲಿ. ಅಲಗು ಐದಾರು ಇಂಚಿಗಿಂತ ಗಿಡ್ಡ ಆದ್ರೆ ಏಟಿಗೆ ತೂಕ ಸಾಲಲ್ಲ, ಬರೀ ಬಾಗಿದ ಚಾಕು ಆಗುತ್ತೆ. ಹತ್ತು ಇಂಚಿನದು ದಿನವಿಡೀ ಹೊತ್ತರೆ ಸೊಂಟ ಬೈಯುತ್ತೆ. ನನ್ನ ಲೆಕ್ಕಕ್ಕೆ ಏಳೆಂಟು ಇಂಚು ಸಾಕು. ಅಲಗಿನ ಕಬ್ಬಿಣ ಹಿಡಿಯ ಕೊನೆವರೆಗೂ ಬಂದು, ಎರಡೂ ಕಡೆ ಮರ ಇಟ್ಟು ಮೊಳೆ ಹೊಡೆದದ್ದಕ್ಕೆ ಚಿರುವಾ ಅಂತಾರೆ, ಅದನ್ನೇ ಕೇಳಿ. ಅರದಲ್ಲಿ ತೀಡಿ ನೋಡಿ: ಬೆನ್ನಿನಲ್ಲಿ ಕಚ್ಚಬೇಕು, ಬಾಯಲ್ಲಿ ಜಾರಬೇಕು. ಒರೆಯ ಹಿಂದೆ ಎರಡು ಮರಿಗಳಿರ್ತವೆ. ಕರ್ದಾ ಅನ್ನೋ ಪುಟ್ಟ ಚಾಕು ಈರುಳ್ಳಿ ಹೆಚ್ಚೋಕೆ, ಸಿಪ್ಪೆ ಸುಲಿಯೋಕೆ. ಚಕ್ಮಕ್ ಅನ್ನೋ ಮೊಂಡು ತುಂಡು ಬಾಯಿ ಸರಿ ಮಾಡೋಕೆ, ಕಲ್ಲಿಗೆ ಕುಟ್ಟಿ ಕಿಡಿ ಎಬ್ಬಿಸೋಕೆ. ನಮ್ಮ ಚಕಮಕಿ ಕಲ್ಲಿನ ಚಕಮಕಿಯೇ ಅದು. ಡೇರೆಯ ಮುಕ್ಕಾಲು ಕೆಲಸ ಕರ್ದಾದಲ್ಲೇ ಮುಗಿಯುತ್ತೆ.

ದಸೈಂಗೆ ಊರಿಗೆ ಹೋದ ಅವನು ಬರುವಾಗ ನನಗೊಂದು ತಂದುಕೊಟ್ಟ. ಏಳೂವರೆ ಇಂಚು, ಮರದ ಹಿಡಿ, ಹೊಳಪೇ ಇಲ್ಲ, ಬೆನ್ನಿನ ಮೇಲೆ ಸುತ್ತಿಗೆ ಗುರುತು ಹಾಗೇ ಇದೆ. ಎರಡು ಮಳೆಗಾಲ ಕಳೀತು, ಹಿಡಿ ಅಲುಗಿಲ್ಲ. ಎಣ್ಣೆ ಸವರೋದು ಒಂದು ವಾರ ಮರೆತದ್ದಕ್ಕೆ ತುಕ್ಕು ಮಾತ್ರ ಹಿಡೀತು.

ಮಗ ಈಗ ಅದನ್ನೇ ಒಯ್ಯುತ್ತಾನೆ. ಒರೆಯನ್ನ ಬೆನ್ನಿನ ಕಡೆಯಿಂದ ಹಿಡಿ, ಬಾಯಿ ಕಡೆ ಬೆರಳು ಸುತ್ತಬೇಡ, ಚರ್ಮ ಸೀಳಿಕೊಂಡು ಬರುತ್ತೆ ಮಾರಾಯ ಅಂತ ಪ್ರತಿ ಸಲ ಹೇಳ್ತೀನಿ. "ಗೊತ್ತು ಅಪ್ಪಯ್ಯ" ಅಂತಾನೆ.