ಗಾಯದ ಅಂಟು ಮತ್ತು ಮೂಕಜೀವಿಗಳ ಸಾಕ್ಷ್ಯ

ಹಾರೂಗೇರಿಯ ಕಬ್ಬಿನ ಹೊಲದಲ್ಲಿ ಕುಡುಗೋಲು ತಗುಲಿ ಬೆರಳು ಸೀಳಿದರೆ, ಅರಿಸಿನ ಮೆತ್ತಿ ಅರಿವೆ ಸುತ್ತುವುದು ಹಿಂದಿನಿಂದ ಬಂದ ರೂಢಿ. ಆಳವಾದ ಗಾಯವನ್ನು ಕೂಡಿಸುವುದಾದರೋ ಶಸ್ತ್ರವೈದ್ಯನ ಕಾರ್ಯ. ಒಡೆದ ಕರುಳಿನ ಅಂಚುಗಳನ್ನು ಕೂಡಿಸಿ, ಕರಿಯಿರುವೆಗಳಿಂದ ಕಚ್ಚಿಸಿ, ಅವುಗಳ ಮೈಯನ್ನು ಕತ್ತರಿಸಿ ತಲೆಗಳನ್ನಷ್ಟೇ ಉಳಿಸಬೇಕೆಂದು ಸುಶ್ರುತಸಂಹಿತೆಯ ಉದರಚಿಕಿತ್ಸಾಧ್ಯಾಯವು ವಿಧಿಸುತ್ತದೆ. ಸೂಜಿದಾರಗಳಿಲ್ಲದೆ ಮಾಂಸವನ್ನು ಬೆಸೆಯುವ ಬಯಕೆಯು ಎಷ್ಟು ಪ್ರಾಚೀನವೆಂಬುದು ಇದರಿಂದ ವಿದಿತವಾಗುತ್ತದೆ.

ಈ ಬಯಕೆಯು ಕಳೆದ ಶತಮಾನದಲ್ಲಿ ಎರಡು ದಾರಿಗಳನ್ನು ಹಿಡಿಯಿತು. 1940ರಲ್ಲಿ ಇಂಗ್ಲೆಂಡಿನ ಯಂಗ್ ಮತ್ತು ಮೆಡಾವರ್ ಎಂಬ ಪಂಡಿತರು, ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನ್ ಎಂಬ ದ್ರವ್ಯದಿಂದ ಪ್ರಾಣಿಗಳ ಕಡಿದ ನರಗಳನ್ನು ಕೂಡಿಸಿದರು. ಅತ್ತ ಅಮೇರಿಕದಲ್ಲಿ 1942ರಲ್ಲಿ ಹ್ಯಾರಿ ಕೂವರನಿಗೆ ಸಯನೋಆಕ್ರಿಲೇಟ್ ಎಂಬ ರಸಾಯನವು ದೊರೆಯಿತು. ಮುಟ್ಟಿದ್ದಕ್ಕೆಲ್ಲ ಅಂಟುವುದೆಂದು ಮೊದಲು ಬದಿಗಿಟ್ಟ ಆ ವಸ್ತುವೇ 1958ರಲ್ಲಿ ಅಂಟಾಗಿ ಮಾರಾಟಕ್ಕೆ ಬಂದಿತು. ತೇವ ತಗುಲಿದ ಕ್ಷಣದಲ್ಲಿಯೇ ಅದು ಗಟ್ಟಿಯಾಗುವುದರಿಂದ, 1966ರಲ್ಲಿ ವಿಯೆಟ್ನಾಮಿನ ಯುದ್ಧದಲ್ಲಿ ಗಾಯಾಳುಗಳ ರಕ್ತಸ್ರಾವವನ್ನು ನಿಲ್ಲಿಸಲು ಅದರ ಒಂದು ಬಗೆಯನ್ನು ಸಿಂಪಡಿಸಿದರು.

ಆದರೆ ಕ್ಷಣದಲ್ಲಿ ಅಂಟಿದ ಮಾತ್ರದಿಂದ ನಿರಪಾಯವೆನ್ನಲಾಗದು. ಆ ಅಂಟು ದೇಹದೊಳಗೆ ಮೆಲ್ಲನೆ ಒಡೆದು ಫಾರ್ಮಾಲ್ಡಿಹೈಡ್ ಮೊದಲಾದುವನ್ನು ಬಿಡುತ್ತದೆ. ಮೀಥೈಲ್ ಬಗೆಯು ಬೇಗ ಒಡೆಯುವುದರಿಂದ ಪ್ರಾಣಿಗಳ ಮಾಂಸದಲ್ಲಿ ಹೆಚ್ಚಿನ ಉರಿಯೂತವನ್ನುಂಟುಮಾಡಿತು. ಬ್ಯುಟೈಲ್, ಆಕ್ಟೈಲ್ ಬಗೆಗಳು ನಿಧಾನವಾಗಿ ಒಡೆಯುವುದರಿಂದ ಸೌಮ್ಯವೆನಿಸಿದುವು. ಆದಕಾರಣ ಪರೀಕ್ಷಕರು ಅಂಟನ್ನು ಪ್ರಾಣಿಯ ದೇಹದಲ್ಲಿರಿಸಿ, ವಾರಗಳ ಮೇಲೂ ತಿಂಗಳುಗಳ ಮೇಲೂ ಆ ಭಾಗದ ಮಾಂಸವನ್ನು ಸೂಕ್ಷ್ಮದರ್ಶಕದಡಿ ನೋಡಿ, ಉಳಿದ ಅಂಟೆಷ್ಟು, ಉರಿಯೂತವೆಷ್ಟು ಎಂದು ದಾರದ ಹೊಲಿಗೆಯೊಡನೆ ಹೋಲಿಸುತ್ತಾರೆ. ಇಲಿಯ ಆಯುಷ್ಯವು ಎರಡು ಮೂರು ವರ್ಷಗಳಷ್ಟೇ ಆದುದರಿಂದ, ಒಂದು ಜೀವಮಾನದ ಪರಿಣಾಮವು ಅಷ್ಟರಲ್ಲಿಯೇ ಗೋಚರಿಸುವುದು.

1980ರ ದಶಕದಲ್ಲಿ, ಬ್ಯುಟೈಲ್ ವರ್ಗದ ಅಂಟನ್ನಿಟ್ಟ ಇಲಿಗಳಲ್ಲಿ ಮಾರಕ ಗಡ್ಡೆಗಳು ಕಂಡುಬಂದ ವರದಿಗಳು ಹೊರಟುವು. ಅನ್ಯವಾದ ಘನವಸ್ತುವನ್ನು ಹೂತರೂ ಇಲಿಗಳಲ್ಲಿ ಗಡ್ಡೆ ಹುಟ್ಟುವುದುಂಟು. ಆದುದರಿಂದ ಇಲಿಯ ಫಲವನ್ನು ಮನುಷ್ಯನಿಗೆ ಹಾಗೆಯೇ ಆರೋಪಿಸಲಾಗದು. ಎಂತಿದ್ದರೂ ಆ ವರದಿಗಳು ಎಚ್ಚರಿಕೆಯನ್ನು ಹೆಚ್ಚಿಸಿದುವು. 1998ರಲ್ಲಿ ಅಮೇರಿಕದ ಸರಕಾರವು ಆಕ್ಟೈಲ್ ಅಂಟಿಗೆ ಒಪ್ಪಿಗೆಯಿತ್ತುದು ಚರ್ಮದ ಗಾಯಗಳನ್ನು ಮೇಲಿನಿಂದ ಮುಚ್ಚುವುದಕ್ಕಾಗಿ.

ಈ ತಿಳಿವಳಿಕೆಗೆ ಬೆಲೆ ತೆತ್ತವು ಮಾತುಬಾರದ ಜೀವಿಗಳು. ಶಸ್ತ್ರಕ್ರಿಯೆಯನ್ನೊಳಗೊಂಡ ಪ್ರಯೋಗದಲ್ಲಿ ಸಾಧ್ಯವಿದ್ದಷ್ಟು ಅರಿವಳಿಕೆಯನ್ನು ಕೊಡಬೇಕೆಂದೂ, ಚಿಕ್ಕ ಪ್ರಾಣಿಯಿಂದ ತಿಳಿಯುವುದಕ್ಕೆ ದೊಡ್ಡ ಪ್ರಾಣಿಯನ್ನು ಬಳಸಬಾರದೆಂದೂ ಭಾರತದ 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ಲಕ್ಷ್ಯವಿಡುತ್ತದೆ. ಅವಸರದ ಪರೀಕ್ಷೆಯು ಎರಡು ಅನ್ಯಾಯಗಳನ್ನು ಮಾಡುತ್ತದೆ: ರೋಗಿಯನ್ನು ಅಪಾಯಕ್ಕೊಡ್ಡುತ್ತದೆ, ಪ್ರಾಣಿಯ ನೋವನ್ನು ವ್ಯರ್ಥಗೊಳಿಸುತ್ತದೆ. ಒಮ್ಮೆ ನಡೆದ ಪ್ರಯೋಗವನ್ನು ಕಡೆಯವರೆಗೆ ನೋಡಿ, ಅದರ ಫಲವನ್ನು ಮುಚ್ಚಿಡದೆ ಪ್ರಕಟಿಸುವುದೇ ಆ ಜೀವಿಗಳ ಋಣವನ್ನು ತೀರಿಸುವ ಬಗೆ.